ಹಳೆಯ ಯುದ್ಧದ ಹೆಲ್ಮೆಟ್ ಅಸಲಿಯೋ ನಕಲಿಯೋ: ಕೈಯಲ್ಲಿ ಹಿಡಿದು ನೋಡುವ ಕ್ರಮ

"ಅಜ್ಜನ ಟ್ರಂಕಿನಲ್ಲಿ ಒಂದು ಕಬ್ಬಿಣದ ಟೋಪಿ ಸಿಕ್ಕಿದೆ, ಇದು ಎರಡನೇ ಮಹಾಯುದ್ಧದ್ದಾ?" "ಆನ್‌ಲೈನ್‌ನಲ್ಲಿ ಒಂದು ಜರ್ಮನ್ ಹೆಲ್ಮೆಟ್ ನೋಡಿದೆ, ತಗೊಳ್ಳಬಹುದಾ?" ಈ ಎರಡು ಪ್ರಶ್ನೆಗಳು ನನಗೆ ಮತ್ತೆ ಮತ್ತೆ ಬರುತ್ತವೆ. ಜೊತೆಗೆ ಒಂದೇ ಒಂದು ಫೋಟೋ ಇರುತ್ತದೆ, ಅದೂ ಹೊರಗಿನಿಂದ ತೆಗೆದದ್ದು. ಆ ಫೋಟೋ ನೋಡಿ ಏನನ್ನೂ ಹೇಳಲಾಗುವುದಿಲ್ಲ. ಅದಕ್ಕೇ ನೀವೇ ನೋಡಿ ತೀರ್ಮಾನಿಸಲು ಬೇಕಾದ್ದನ್ನೆಲ್ಲ ಇಲ್ಲಿ ಒಂದೊಂದಾಗಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಹೆಲ್ಮೆಟ್ಟನ್ನು ತಿರುಗಿಸಿ, ಒಳಗಿನಿಂದ ಓದಬೇಕು. ಮೊದಲು ಲೋಹ, ಆಮೇಲೆ ಲೋಹಕ್ಕೆ ಒತ್ತಿದ ಮುದ್ರೆ, ಆಮೇಲೆ ಒಳಪಟ್ಟಿ, ಆಮೇಲೆ ಬಣ್ಣ. ಹೊರಗಿನ ಚಿಹ್ನೆ ಮತ್ತು ಮಾರುವವರು ಹೇಳುವ ಕಥೆ ಕೊನೆಗೆ. ಯಾಕೆ ಅಂದರೆ ಉಕ್ಕಿನ ಹಾಳೆಯನ್ನು ಹೆಲ್ಮೆಟ್ ಆಗಿ ಒತ್ತಲು ದೊಡ್ಡ ಯಂತ್ರ ಬೇಕು. ಚಿಹ್ನೆ ಅಂಟಿಸಲು ಹತ್ತು ನಿಮಿಷ ಸಾಕು. ಕಥೆ ಹೇಳಲು ಅಷ್ಟೂ ಬೇಡ. ಹೊಸಬರು ಇದೇ ಕ್ರಮವನ್ನು ತಲೆಕೆಳಗಾಗಿ ಮಾಡುತ್ತಾರೆ. ಕಥೆ ಕೇಳಿ ಮನಸ್ಸು ಸೋಲುತ್ತಾರೆ, ಚಿಹ್ನೆ ನೋಡಿ ದುಡ್ಡು ಕೊಡುತ್ತಾರೆ, ಮನೆಗೆ ಬಂದ ಮೇಲೆ ಒಳಗೆ ನೋಡುತ್ತಾರೆ.

ಕೆಲವು ಪದಗಳು ಗೊತ್ತಿರಲಿ

ಶೆಲ್ ಅಂದರೆ ಹೆಲ್ಮೆಟ್‌ನ ಉಕ್ಕಿನ ಚಿಪ್ಪು. ಲೈನರ್ ಅಂದರೆ ತಲೆಗೆ ತಾಗುವ ಒಳಭಾಗ. ಅದು ಚರ್ಮದ್ದು, ಬಟ್ಟೆಯದ್ದು, ಫೈಬರ್‌ನದ್ದು ಏನೂ ಆಗಿರಬಹುದು. ಗಲ್ಲದ ಪಟ್ಟಿಯನ್ನು ಸಿಕ್ಕಿಸಲು ಶೆಲ್‌ನ ಎರಡೂ ಬದಿಯಲ್ಲಿರುವ ಲೋಹದ ಕೊಂಡಿಗೆ ಬ್ರಿಟಿಷ್ ಹೆಲ್ಮೆಟ್‌ನಲ್ಲಿ ಲಗ್ ಎಂದೂ ಅಮೆರಿಕದ್ದರಲ್ಲಿ ಬೇಲ್ ಎಂದೂ ಹೇಳುತ್ತಾರೆ. ಡೆಕಾಲ್ ಅಂದರೆ ಹೊರಗೆ ಅಂಟಿಸಿದ ಬಣ್ಣದ ಚಿಹ್ನೆ. ರೀಇಶ್ಯೂ ಅಂದರೆ ಯುದ್ಧ ಮುಗಿದ ಮೇಲೆ ಬೇರೆ ಸೈನ್ಯವೋ ಪೊಲೀಸರೋ ಹೊಸ ಬಣ್ಣ ಹೊಡೆದು ಮತ್ತೆ ಬಳಸಿದ ಅಸಲಿ ಹೆಲ್ಮೆಟ್. ರಿಪ್ರೋ ಅಂದರೆ ಇತ್ತೀಚೆಗೆ ಮಾಡಿದ ಪ್ರತಿ. ರಿಪ್ರೋ ಎಂದು ಹೇಳಿಯೇ ಮಾರಿದರೆ ಅದರಲ್ಲಿ ತಪ್ಪಿಲ್ಲ. ನಾಟಕ, ಸಿನಿಮಾದವರಿಗೆ ಅದು ಬೇಕು. ಹೇಳದೆ ಮಾರಿದರೆ ಅದು ಮೋಸ.

ಕೈಯಲ್ಲಿ ಇರಬೇಕಾದ್ದು

ಚಿಕ್ಕ ಟಾರ್ಚ್, ಭೂತಗನ್ನಡಿ, ಫ್ರಿಜ್‌ಗೆ ಅಂಟಿಸುವಂಥ ಒಂದು ಅಯಸ್ಕಾಂತ, ದರ್ಜಿಯ ಟೇಪು, ಅಡುಗೆಮನೆಯ ತಕ್ಕಡಿ. ನೋಟು ಪರೀಕ್ಷಿಸುವ ನೇರಳೆ ಬೆಳಕಿನ ಯುವಿ ಟಾರ್ಚ್ ಸಿಕ್ಕರೆ ಇನ್ನೂ ಒಳ್ಳೆಯದು. ಎಲ್ಲವೂ ಒಂದು ಚೀಲದಲ್ಲಿ ಹಿಡಿಯುತ್ತವೆ. ಜೊತೆಗೆ ಹತ್ತಿ ಕೈಗವಸು. ಬೆವರಿನ ಉಪ್ಪು ಹಳೆಯ ಉಕ್ಕಿಗೆ ಒಳ್ಳೆಯದಲ್ಲ.

ಹಂತ 1: ಯಾವ ದೇಶದ್ದು?

ಆಕಾರ ನೋಡಿದರೆ ಅರ್ಧ ಉತ್ತರ ಸಿಗುತ್ತದೆ.

ಅಗಲ ಅಂಚಿನ, ಕವುಚಿ ಹಾಕಿದ ತಟ್ಟೆಯಂತೆ ಚಪ್ಪಟೆಯಾಗಿದ್ದರೆ ಅದು ಬ್ರಿಟಿಷ್ ಮಾದರಿ. ಇದರ ಮೂಲ ವಿನ್ಯಾಸಕ್ಕೆ ಜಾನ್ ಲಿಯೋಪೋಲ್ಡ್ ಬ್ರೋಡಿ 1915ರಲ್ಲಿ ಪೇಟೆಂಟ್ ಪಡೆದರು. ಹಾಗಾಗಿ ಬ್ರೋಡಿ ಹೆಲ್ಮೆಟ್ ಎಂದೇ ಹೆಸರು. ಮೊದಲ ಮಹಾಯುದ್ಧದ್ದು ಮಾರ್ಕ್ 1, ಎರಡನೆಯದ್ದು ಮಾರ್ಕ್ 2. ಬ್ರಿಟಿಷರ ಸಾಮ್ರಾಜ್ಯದ ಸೈನಿಕರಿಗೆಲ್ಲ ಇದೇ ಮಾದರಿ. ಭಾರತೀಯ ಸೇನೆಗೂ ಇದೇ. ಕೊಡಗಿನ ಮನೆಗಳಲ್ಲಿ, ಬೆಂಗಳೂರಿನಲ್ಲಿ ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದವರ ಮನೆಗಳಲ್ಲಿ ಹೆಲ್ಮೆಟ್ ಸಿಕ್ಕರೆ ಅದು ಬಹುತೇಕ ಮಾರ್ಕ್ 2 ಆಗಿರುತ್ತದೆ.

ಕಿವಿ, ಕುತ್ತಿಗೆಯ ಹಿಂಭಾಗ ಮುಚ್ಚುವಂತೆ ಕೆಳಗೆ ಇಳಿದು ಹೊರಕ್ಕೆ ಚಾಚಿದ್ದರೆ ಜರ್ಮನ್. ಗುಂಡನೆಯ ಮಡಕೆಯಂತಿದ್ದು, ಒಳಗೆ ಇನ್ನೊಂದು ಹಗುರ ಹೆಲ್ಮೆಟ್ ಕೂರುವಂತಿದ್ದರೆ ಅಮೆರಿಕದ ಎಂ1. ಇದು 1941ರಲ್ಲಿ ಬಂತು. ಮುಂಭಾಗದಲ್ಲಿ ಚಿಕ್ಕ ನಕ್ಷತ್ರ ಇರುವ ಗುಮ್ಮಟದಂಥದ್ದು ಜಪಾನಿನ ಭೂಸೇನೆಯ ಟೈಪ್ 90. ನಕ್ಷತ್ರದ ಬದಲು ಲಂಗರು ಇದ್ದರೆ ನೌಕಾಪಡೆಯದು. 1944ರ ಇಂಫಾಲ, ಕೊಹಿಮಾ ಕದನಗಳಿಂದಾಗಿ ನಮ್ಮ ಈಶಾನ್ಯ ರಾಜ್ಯಗಳಲ್ಲಿ ಜಪಾನಿನ ಹೆಲ್ಮೆಟ್‌ಗಳು ಉಳಿದಿವೆ.

ಹಂತ 2: ತೂಗಿ ನೋಡಿ, ಅಯಸ್ಕಾಂತ ಹಿಡಿದು ನೋಡಿ

ಅಸಲಿ ಉಕ್ಕಿನ ಹೆಲ್ಮೆಟ್ ಸುಮಾರು 1 ಕೆಜಿ ಅಥವಾ ಅದಕ್ಕಿಂತ ಜಾಸ್ತಿ ತೂಗುತ್ತದೆ. ಕೈಯಲ್ಲಿ ಹಿಡಿದ ಕೂಡಲೇ ಹಗುರ ಅನಿಸಿದರೆ, ಬೆರಳಲ್ಲಿ ಒತ್ತಿದಾಗ ಅಂಚು ಬಾಗಿದರೆ, ಅದು ತೆಳು ತಗಡಿನ ಪ್ರತಿ. ಫೈಬರ್‌ಗ್ಲಾಸ್‌ನ ಸಿನಿಮಾ ಹೆಲ್ಮೆಟ್‌ಗಳೂ ದೂರದಿಂದ ಅಸಲಿಯಂತೆಯೇ ಕಾಣುತ್ತವೆ.

ಅಯಸ್ಕಾಂತದ ಪರೀಕ್ಷೆ ಬಹಳ ಜನರಿಗೆ ಗೊತ್ತಿಲ್ಲ. ಅಮೆರಿಕದ ಎಂ1 ಮತ್ತು ಬ್ರಿಟನ್‌ನಲ್ಲಿ ಸೈನಿಕರಿಗಾಗಿ ಮಾಡಿದ ಮಾರ್ಕ್ 1, ಮಾರ್ಕ್ 2 ಹೆಲ್ಮೆಟ್‌ಗಳು ಮ್ಯಾಂಗನೀಸ್ ಉಕ್ಕಿನವು. ಶೆಫೀಲ್ಡ್‌ನ ರಾಬರ್ಟ್ ಹ್ಯಾಡ್‌ಫೀಲ್ಡ್ 1882ರಲ್ಲಿ ಕಂಡುಹಿಡಿದ ಉಕ್ಕು ಅದು. ಅದರಲ್ಲಿ ಸುಮಾರು 12 ಶೇಕಡಾ ಮ್ಯಾಂಗನೀಸ್ ಇರುತ್ತದೆ, ಮತ್ತು ಅದಕ್ಕೆ ಅಯಸ್ಕಾಂತ ಹಿಡಿಯುವುದಿಲ್ಲ. ಅಂಚಿನ ಪಟ್ಟಿ ಬೇರೆ ಲೋಹದ್ದಿರಬಹುದು. ಆದ್ದರಿಂದ ನೆತ್ತಿಯ ಮೇಲೆ ಇಟ್ಟು ನೋಡಿ. ಗಟ್ಟಿಯಾಗಿ ಕಚ್ಚಿಕೊಂಡರೆ ಅನುಮಾನ ಶುರುವಾಗಲಿ.

ಆದರೆ ಇಲ್ಲೇ ಒಂದು ಎಚ್ಚರಿಕೆ. ಜರ್ಮನ್ ಹೆಲ್ಮೆಟ್‌ಗೆ ಅಯಸ್ಕಾಂತ ಅಂಟಲೇಬೇಕು, ಅದರ ಉಕ್ಕು ಬೇರೆ. ಬ್ರಿಟನ್‌ನಲ್ಲಿ ನಾಗರಿಕ ರಕ್ಷಣೆಗೆಂದು ಸಾದಾ ಉಕ್ಕಿನಲ್ಲಿ ಮಾಡಿದವಕ್ಕೂ ಅಂಟುತ್ತದೆ. ಇನ್ನೊಂದು ಕಡೆ, ವಿಯೆಟ್ನಾಂ ಕಾಲದ ಎಂ1 ಕೂಡ ಮ್ಯಾಂಗನೀಸ್ ಉಕ್ಕಿನದೇ. ಅಯಸ್ಕಾಂತ ಅಂಟದ ಮಾತ್ರಕ್ಕೆ ಎರಡನೇ ಮಹಾಯುದ್ಧದ್ದು ಎಂದು ಕುಣಿಯಬೇಡಿ. ಈ ಪರೀಕ್ಷೆ ತಗಡಿನ ಪ್ರತಿಯನ್ನು ಹೊರಗೆ ಹಾಕುತ್ತದೆ, ಅಷ್ಟೇ.

ಹಂತ 3: ಲೋಹದ ಮೇಲಿನ ಮುದ್ರೆ ಹುಡುಕಿ

ಇದು ಎಲ್ಲಕ್ಕಿಂತ ಮುಖ್ಯ ಹಂತ. ಅವಸರ ಮಾಡಬೇಡಿ. ಟಾರ್ಚನ್ನು ಓರೆಯಾಗಿ ಹಿಡಿಯಿರಿ. ನೇರ ಬೆಳಕಿನಲ್ಲಿ ಕಾಣದ ಅಕ್ಷರ ಓರೆ ಬೆಳಕಿನಲ್ಲಿ ನೆರಳು ಬಿದ್ದು ಎದ್ದು ಕಾಣುತ್ತದೆ.

ಬ್ರಿಟಿಷ್ ಮಾರ್ಕ್ 2ರಲ್ಲಿ ಅಗಲ ಅಂಚಿನ ಕೆಳಗೆ, ಲಗ್‌ನ ಹತ್ತಿರ ನೋಡಿ. ತಯಾರಕರ ಅಕ್ಷರಗಳೂ ವರ್ಷವೂ ಇರುತ್ತವೆ. ಬಿಎಂಬಿ ಅಂದರೆ ಬ್ರಿಗ್ಸ್ ಮೋಟಾರ್ ಬಾಡೀಸ್, ಎಚ್‌ಬಿಎಚ್ ಅಂದರೆ ಹ್ಯಾರಿಸನ್ ಬ್ರದರ್ಸ್ ಅಂಡ್ ಹೌಸನ್, ಆರ್‌ಒ ಅಂಡ್ ಕೋ ಅಂದರೆ ರೂಬೆರಿ ಓವನ್, ಜೆಎಸ್‌ಎಸ್ ಅಂದರೆ ಜೋಸೆಫ್ ಸ್ಯಾಂಕಿ ಅಂಡ್ ಸನ್ಸ್. ಕಾರಿನ ಬಾಡಿ, ತಟ್ಟೆ, ಚಮಚ ಮಾಡುತ್ತಿದ್ದ ಕಾರ್ಖಾನೆಗಳು ಯುದ್ಧ ಬಂದಾಗ ಹೆಲ್ಮೆಟ್ ಒತ್ತಿದವು. ಕೆನಡಾದ್ದರಲ್ಲಿ ಕೆನಡಿಯನ್ ಮೋಟಾರ್ ಲ್ಯಾಂಪ್ ಕಂಪನಿಯ ಸಿಎಲ್/ಸಿ, ಆಸ್ಟ್ರೇಲಿಯಾದ್ದರಲ್ಲಿ ಕಾಮನ್‌ವೆಲ್ತ್ ಸ್ಟೀಲ್‌ನ ಸಿಎಸ್ ಎಂಬ ಮುದ್ರೆ ಇರುತ್ತದೆ. ಭಾರತದಲ್ಲೂ ಯುದ್ಧಕಾಲದಲ್ಲಿ ಮಾರ್ಕ್ 2 ತಯಾರಾಯಿತು.

ಅಂಚಿನಲ್ಲಿ ತೂತುಗಳಿದ್ದರೆ ಗುಂಡು ಬಿದ್ದದ್ದು ಎಂದು ಮಾರುವವರು ಹೇಳಬಹುದು. ನಂಬಬೇಡಿ. ದಕ್ಷಿಣ ಆಫ್ರಿಕಾದಲ್ಲಿ ಮಾಡಿದ ಮಾರ್ಕ್ 2ರ ಹಿಂದಿನ ಅಂಚಿನಲ್ಲಿ ಮೂರು ತೂತು ಇರುತ್ತವೆ. ಬ್ರಿಟನ್‌ನಲ್ಲಿ ಗುಣಮಟ್ಟದ ಪರೀಕ್ಷೆಯಲ್ಲಿ ಪೂರ್ತಿ ಪಾಸಾಗದ ಶೆಲ್‌ಗಳಿಗೂ ಅಂಚಿನಲ್ಲಿ ತೂತು ಕೊರೆದು ನಾಗರಿಕ ರಕ್ಷಣೆಯವರಿಗೆ ಕೊಡುತ್ತಿದ್ದರು. ಡ್ರಿಲ್ ಮಾಡಿದ ತೂತು ದುಂಡಗೆ, ನೀಟಾಗಿ ಇರುತ್ತದೆ. ಗುಂಡು ಹರಿದ ಉಕ್ಕು ಹಾಗಿರುವುದಿಲ್ಲ.

ಜರ್ಮನ್ ಹೆಲ್ಮೆಟ್‌ನ ಮುದ್ರೆ ಒಳಗೆ, ಕೆಳಗಿಳಿದ ಭಾಗದ ಎಡಗಡೆ ಅಥವಾ ಹಿಂಭಾಗದಲ್ಲಿ ಇರುತ್ತದೆ. ಒಂದರಿಂದ ಮೂರು ಅಕ್ಷರ, ಪಕ್ಕದಲ್ಲಿ ಒಂದು ಸಮಸಂಖ್ಯೆ. ಉದಾಹರಣೆಗೆ ಇಟಿ64. ಇಟಿ ಅಂದರೆ ಥಾಲೆ ಊರಿನ ಕಾರ್ಖಾನೆ, 64 ಅಂದರೆ ಶೆಲ್‌ನ ಅಳತೆ. ಮುಂದೆ ಇದೇ ಕಾರ್ಖಾನೆ ಸಿಕೆಎಲ್ ಎಂಬ ಗುಪ್ತ ಸಂಕೇತ ಬಳಸಿತು. ಕ್ಯೂ ಅಂದರೆ ಎಸ್ಲಿಂಗನ್‌ನ ಕ್ವಿಸ್ಟ್, ಎನ್‌ಎಸ್ ಅಂದರೆ ಶ್ವೆರ್ಟೆಯ ಕಾರ್ಖಾನೆ, ಎಸ್‌ಇ ಅಂದರೆ ಲೌಟರ್‌ನದು. ಹಿಂಭಾಗದಲ್ಲಿ ತಯಾರಿಕೆಯ ತಂಡದ ಸಂಖ್ಯೆ ಬೇರೆಯಾಗಿ ಇರುತ್ತದೆ.

ಜರ್ಮನ್ ಮಾದರಿಗಳ ವಯಸ್ಸು ತಿಳಿಯಲು ಎರಡೇ ಜಾಗ ನೋಡಿದರೆ ಸಾಕು, ಗಾಳಿಯ ತೂತು ಮತ್ತು ಅಂಚು. 1935ರ ಎಂ35ರಲ್ಲಿ ಗಾಳಿಯ ತೂತಿಗೆ ಪ್ರತ್ಯೇಕ ಲೋಹದ ಬಳೆ ಕೂರಿಸಿರುತ್ತಾರೆ, ಅಂಚನ್ನು ಒಳಕ್ಕೆ ಮಡಚಿರುತ್ತಾರೆ. 1940ರ ಎಂ40ರಲ್ಲಿ ಆ ಬಳೆ ಇಲ್ಲ, ತೂತಿನ ಸುತ್ತ ಶೆಲ್ಲನ್ನೇ ಉಬ್ಬಿಸಿರುತ್ತಾರೆ. ಅಂಚು ಇನ್ನೂ ಮಡಚಿಯೇ ಇದೆ. 1942ರ ಎಂ42ಕ್ಕೆ ಬರುವಾಗ ಅಂಚು ಮಡಚುವುದನ್ನೂ ಬಿಟ್ಟರು. ಕತ್ತರಿಸಿದ ಅಂಚು ಹಾಗೇ ಹೊರಕ್ಕೆ ಚಾಚಿರುತ್ತದೆ. ಯುದ್ಧ ಮುಂದುವರಿದಂತೆ ಸಮಯ, ಶ್ರಮ, ಸಾಮಗ್ರಿ ಉಳಿಸಬೇಕಾಗಿತ್ತು. ಅದು ಈ ಮೂರು ಹೆಲ್ಮೆಟ್‌ಗಳ ಅಂಚಿನಲ್ಲೇ ಕಾಣುತ್ತದೆ. ನನಗೆ ಈ ಹವ್ಯಾಸದಲ್ಲಿ ಅತಿ ಇಷ್ಟವಾದ ಸಂಗತಿ ಇದೇ.

ಅಮೆರಿಕದ ಎಂ1ರಲ್ಲಿ ಮುಂದಿನ ಅಂಚಿನ ಒಳಗೆ ಒಂದು ಸಂಖ್ಯೆ ಒತ್ತಿರುತ್ತಾರೆ. ಉಕ್ಕು ಕರಗಿಸಿದ ಸರದಿಯ ಗುರುತು ಅದು. ಹೆಚ್ಚಿನವನ್ನು ಡೆಟ್ರಾಯಿಟ್‌ನ ಮೆಕಾರ್ಡ್ ಕಂಪನಿ ಮಾಡಿತು. ಷ್ಲೂಟರ್ ಕಂಪನಿಯದ್ದರಲ್ಲಿ ಎಸ್ ಅಕ್ಷರ ಇರುತ್ತದೆ. ಆಮೇಲೆ ಬೇಲ್ ಅಲ್ಲಾಡುತ್ತದಾ ನೋಡಿ. ಮೊದಲಿನವು ಬೆಸುಗೆ ಹಾಕಿ ಬಿಗಿಯಾಗಿದ್ದವು. ಕೆಳಗೆ ಬಿದ್ದಾಗ ಮುರಿಯುತ್ತಿದ್ದವು ಎಂದು 1943ರ ಕೊನೆಯ ಹೊತ್ತಿಗೆ ಅಲ್ಲಾಡುವ ಬೇಲ್ ತಂದರು. ಮೂರನೆಯದು, ಅಂಚಿನ ಪಟ್ಟಿಯ ಎರಡು ತುದಿ ಕೂಡುವ ಜಾಗ. 1944ರ ಕೊನೆಯವರೆಗೂ ಅದು ಮುಂಭಾಗದಲ್ಲಿತ್ತು, ಆಮೇಲೆ ಹಿಂಭಾಗಕ್ಕೆ ಹೋಯಿತು. ಬಿಗಿ ಬೇಲ್ ಮತ್ತು ಹಿಂದಿನ ಕೂಡು ಎರಡೂ ಒಂದೇ ಹೆಲ್ಮೆಟ್‌ನಲ್ಲಿದ್ದರೆ ಯಾರೋ ಕೈಯಾಡಿಸಿದ್ದಾರೆ ಎಂದು ತಿಳಿಯಿರಿ. ಅಂಚಿನ ಹತ್ತಿರ ಕೂದಲೆಳೆಯಂಥ ಬಿರುಕು ಕಂಡರೆ ಗಾಬರಿ ಬೇಡ. ಯುದ್ಧಕಾಲದ ಎಂ1 ಶೆಲ್‌ಗಳಲ್ಲಿ ಅದು ಸಾಮಾನ್ಯ.

ಎಲ್ಲ ದೇಶದ ಹೆಲ್ಮೆಟ್‌ಗೂ ಅನ್ವಯಿಸುವ ಒಂದು ಸೂತ್ರ ಇದೆ: ಮುದ್ರೆ ಮೊದಲು, ಬಣ್ಣ ಆಮೇಲೆ. ಕಾರ್ಖಾನೆಯಲ್ಲಿ ಬರಿ ಉಕ್ಕಿಗೆ ಮುದ್ರೆ ಒತ್ತಿ ನಂತರ ಬಣ್ಣ ಹಾಕುತ್ತಿದ್ದರು. ಹಾಗಾಗಿ ಅಕ್ಷರದ ಗುಳಿಯ ಒಳಗೂ ಹಳೆಯ ಬಣ್ಣವೋ ತುಕ್ಕೋ ಇರಬೇಕು. ಗುಳಿಯೊಳಗೆ ಹೊಸ ಲೋಹ ಮಿಂಚುತ್ತಿದ್ದರೆ, ಸುತ್ತಲಿನ ಬಣ್ಣ ಬಿರಿದಿದ್ದರೆ, ಮುದ್ರೆಯನ್ನು ಇತ್ತೀಚೆಗೆ ಹೊಡೆದಿದ್ದಾರೆ.

ಹಂತ 4: ಲೈನರ್ ಮತ್ತು ಗಲ್ಲದ ಪಟ್ಟಿ

ಶೆಲ್ ಅಸಲಿ ಇದ್ದರೂ ಒಳಗಿನದು ಹೊಸದಿರಬಹುದು. ಚರ್ಮ, ಬಟ್ಟೆ ಬೇಗ ಹಾಳಾಗುತ್ತವೆ. ಮಾರುವವರು ಹೊಸದು ಹಾಕಿ ಚಹಾ ನೀರಿನಲ್ಲಿ ಬಣ್ಣ ಕೊಟ್ಟಿರುವುದೂ ಉಂಟು.

ಜರ್ಮನ್ ಲೈನರ್ ಲೋಹದ ಬಳೆಯ ಮೇಲೆ ಚರ್ಮದ ಎಂಟು ನಾಲಿಗೆಗಳಿರುವ ಮಾದರಿ. ಮೂರು ಪಿನ್‌ಗಳು ಅದನ್ನು ಶೆಲ್‌ಗೆ ಹಿಡಿದಿರುತ್ತವೆ. ಬಳೆಯ ಮೇಲೆ ಅಳತೆ ಇರುತ್ತದೆ. ಶೆಲ್‌ನ ಅಳತೆಗೂ ತಲೆಯ ಅಳತೆಗೂ 7 ಅಥವಾ 8 ಸೆಂಟಿಮೀಟರ್ ವ್ಯತ್ಯಾಸ ಇರಬೇಕು. 64ರ ಶೆಲ್‌ಗೆ 56 ಅಥವಾ 57ರ ಲೈನರ್. ಬೇರೆ ಸಂಖ್ಯೆ ಕಂಡರೆ ಲೈನರ್ ಇನ್ನೊಂದು ಹೆಲ್ಮೆಟ್‌ನಿಂದ ಬಂದದ್ದು. ಪಿನ್‌ಗಳನ್ನೂ ನೋಡಿ. ತಲೆಯ ಬಣ್ಣ ಕೆದರಿದ್ದರೆ, ಒಳಗೆ ಕಾಲುಗಳು ಮತ್ತೆ ಮತ್ತೆ ಬಾಗಿಸಿದಂತಿದ್ದರೆ, ಯಾರೋ ಬಿಚ್ಚಿ ಹಾಕಿದ್ದಾರೆ.

ಮಾರ್ಕ್ 2ರ ಲೈನರ್ ನೆತ್ತಿಯಲ್ಲಿ ಒಂದೇ ಸ್ಕ್ರೂ ಮೇಲೆ ನಿಂತಿರುತ್ತದೆ. ಒಳಗೆ ಕೂಡಿಸುವ ಚಿಹ್ನೆಯ (+) ಆಕಾರದ ರಬ್ಬರ್ ಮೆತ್ತೆ ಇರುತ್ತದೆ. ಲೈನರ್‌ನ ವರ್ಷವನ್ನೂ ಓದಿ. ಶೆಲ್‌ನ ವರ್ಷಕ್ಕೆ ಒಂದೆರಡು ವರ್ಷ ಆಚೀಚೆ ಇದ್ದರೆ ಸರಿ. ಒಂದೇ ಸ್ಕ್ರೂ ಆದ್ದರಿಂದ ಬದಲಾಯಿಸುವುದು ಸುಲಭ, ಸೈನ್ಯವೇ ಬದಲಾಯಿಸುತ್ತಿತ್ತು. ಮೊದಲ ಮಹಾಯುದ್ಧದ ಶೆಲ್‌ಗಳಿಗೆ 1930ರ ದಶಕದ ಕೊನೆಯಲ್ಲಿ ಹೊಸ ಲೈನರ್ ಹಾಕಿ ಮತ್ತೆ ಕೊಟ್ಟದ್ದೂ ಇದೆ. ಅಂಥದ್ದು ಸಿಕ್ಕರೆ ನಕಲಿ ಎಂದು ಎಸೆಯಬೇಡಿ. ಅದು ಎರಡು ಯುದ್ಧ ಕಂಡ ಹೆಲ್ಮೆಟ್ ಆಗಿರಬಹುದು.

ಎಂ1ರ ಒಳಗಿನ ಲೈನರ್ ಬೇರೆಯೇ ಒಂದು ಹಗುರ ಹೆಲ್ಮೆಟ್. ಯುದ್ಧಕಾಲದ್ದರಲ್ಲಿ ಹಣೆಯ ಮೇಲೆ, ಲಾಂಛನ ಸಿಕ್ಕಿಸಲು ಒಂದು ಚಿಕ್ಕ ತೂತು ಇರುತ್ತದೆ. ನೆತ್ತಿಯಲ್ಲಿ ವೆಸ್ಟಿಂಗ್‌ಹೌಸ್, ಫೈರ್‌ಸ್ಟೋನ್ ಇಂಥ ಕಂಪನಿಯ ಗುರುತು ಇರುತ್ತದೆ. ಫೈರ್‌ಸ್ಟೋನ್ ಯುದ್ಧದ ನಂತರವೂ ಲೈನರ್ ಮಾಡಿತು. ಆದ್ದರಿಂದ ಕಂಪನಿಯ ಹೆಸರೊಂದೇ ಸಾಕಾಗದು, ಹಣೆಯ ತೂತನ್ನೂ ಹುಡುಕಿ. ಗಲ್ಲದ ಪಟ್ಟಿಯನ್ನು ಬೇಲ್‌ಗೆ ಹೊಲಿದಿರಬೇಕು. ಕ್ಲಿಪ್‌ನಿಂದ ಸಿಕ್ಕಿಸಿದ್ದರೆ ಅದು ಯುದ್ಧದ ನಂತರದ್ದು.

ಜಪಾನಿನದ್ದರಲ್ಲಿ ಗಲ್ಲಕ್ಕೆ ಕಟ್ಟಲು ಉದ್ದನೆಯ ಬಟ್ಟೆಯ ಲಾಡಿ ಇರುತ್ತದೆ. ಬಕಲ್ ಇರುವ ಚರ್ಮದ ಪಟ್ಟಿ ಕಂಡರೆ ಪ್ರಶ್ನೆ ಕೇಳಿ.

ಈಗ ಯುವಿ ಟಾರ್ಚ್ ತೆಗೆಯಿರಿ. ಕೋಣೆ ಕತ್ತಲು ಮಾಡಿ ದಾರ, ಹೊಲಿಗೆ, ಬಟ್ಟೆಯ ಮೇಲೆ ಬೆಳಕು ಬಿಡಿ. ಹೊಸ ನೂಲು ನೀಲಿಯಾಗಿ ಹೊಳೆಯುತ್ತದೆ. ಬಟ್ಟೆ ಬೆಳ್ಳಗೆ ಕಾಣಲು ಹಾಕುವ ರಾಸಾಯನಿಕಗಳು ಯುದ್ಧದ ನಂತರ ಎಲ್ಲ ಕಡೆ ಹರಡಿದವು. ಹಳೆಯ ಹತ್ತಿ ಮಂಕಾಗಿಯೇ ಇರುತ್ತದೆ. ಹಳೆಯ ಪಟ್ಟಿಯನ್ನು ಈಗಿನ ಸೋಪಿನ ಪುಡಿಯಲ್ಲಿ ಒಗೆದಿದ್ದರೂ ಹೊಳೆಯಬಹುದು. ಆದ್ದರಿಂದ ಇದೊಂದರಿಂದಲೇ ತೀರ್ಪು ಕೊಡಬೇಡಿ.

ಹಂತ 5: ಬಣ್ಣ ಮತ್ತು ಡೆಕಾಲ್

ಬಣ್ಣ ಸವೆಯುವುದು ಕೈ ತಾಗುವಲ್ಲಿ, ನೆಲ ತಾಗುವಲ್ಲಿ. ಅಂಚು, ನೆತ್ತಿ, ಪಟ್ಟಿ ಉಜ್ಜುವ ಜಾಗ. ಎಲ್ಲ ಕಡೆ ಒಂದೇ ಸಮ ಗೀರುಗಳಿದ್ದರೆ ಅದು ಮರಳುಕಾಗದದ ಕೆಲಸ. ತುಕ್ಕನ್ನೂ ನೋಡಿ. ಹಳೆಯ ತುಕ್ಕು ಗಾಢ ಕಂದು, ಗಟ್ಟಿ. ಆಸಿಡ್ ಹಾಕಿ ಬರಿಸಿದ ತುಕ್ಕು ಕಿತ್ತಳೆ ಬಣ್ಣದ್ದು, ಬೆರಳಿಗೆ ಪುಡಿ ಅಂಟುತ್ತದೆ. ಎಂ1ರ ಯುದ್ಧಕಾಲದ ಬಣ್ಣದಲ್ಲಿ ಹೊಳಪು ಬಾರದಿರಲೆಂದು ಬಿರಡೆಯ (ಕಾರ್ಕ್) ಪುಡಿ ಬೆರೆಸಿದ್ದರು. ನಂತರದ ಬಣ್ಣದಲ್ಲಿ ಮರಳು ಇರುತ್ತದೆ. ಭೂತಗನ್ನಡಿಯಲ್ಲಿ ಎರಡಕ್ಕೂ ವ್ಯತ್ಯಾಸ ಗೊತ್ತಾಗುತ್ತದೆ.

ಡೆಕಾಲ್ ವಿಷಯದಲ್ಲಿ ಜರ್ಮನ್ ಹೆಲ್ಮೆಟ್‌ಗಳಷ್ಟು ಮೋಸ ಇನ್ನೆಲ್ಲೂ ಇಲ್ಲ. ಸಾದಾ ಶೆಲ್‌ಗೂ ಚಿಹ್ನೆ ಇರುವ ಶೆಲ್‌ಗೂ ಬೆಲೆಯಲ್ಲಿ ಬಹಳ ಅಂತರ. ಹಿಟ್ಲರನ ಎಸ್‌ಎಸ್ ಪಡೆಯ ಚಿಹ್ನೆ ಇದ್ದರಂತೂ ಕೇಳುವುದೇ ಬೇಡ. ಇತಿಹಾಸ ನೆನಪಿಟ್ಟುಕೊಳ್ಳಿ. ಭೂಸೇನೆಯ ಹೆಲ್ಮೆಟ್‌ನ ಬಲಕ್ಕೆ ಮೂರು ಬಣ್ಣದ ಗುರಾಣಿ, ಎಡಕ್ಕೆ ಹದ್ದು ಇರುತ್ತಿತ್ತು. 1940ರಲ್ಲಿ ಮೂರು ಬಣ್ಣದ ಗುರಾಣಿ ನಿಲ್ಲಿಸಿದರು. 1943ರಲ್ಲಿ ಹದ್ದನ್ನೂ ನಿಲ್ಲಿಸಿದರು. ಹಾಗಾದರೆ ಯುದ್ಧದ ಕೊನೆಯ ಎಂ42ರ ಮೇಲೆ ಎರಡೂ ಚಿಹ್ನೆ ಇದ್ದರೆ ಏನರ್ಥ? ನೀವೇ ಹೇಳಿ.

ಭೂತಗನ್ನಡಿ ಹಿಡಿದು ಡೆಕಾಲ್ ಮೇಲೆ ಹಾದುಹೋಗುವ ಒಂದು ಗೀರನ್ನು ಹುಡುಕಿ. ಅಸಲಿಯಲ್ಲಿ ಗೀರು ಡೆಕಾಲ್ಲನ್ನೂ ಅದರ ಕೆಳಗಿನ ಬಣ್ಣವನ್ನೂ ಒಟ್ಟಿಗೆ ಕೊರೆದಿರುತ್ತದೆ. ನಕಲಿಯಲ್ಲಿ ಹಳೆಯ ಗೀರಿನ ಮೇಲೆ ಹೊಸ ಡೆಕಾಲ್ ಸುಮ್ನೆ ಮಲಗಿರುತ್ತದೆ, ಗುಳಿಯೊಳಗೂ ಇಳಿದಿರುತ್ತದೆ. ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಬೇರೆ ಗೊತ್ತಿಲ್ಲ.

ಬ್ರಿಟಿಷ್ ಹೆಲ್ಮೆಟ್ ಮೇಲೆ ಬರೆದ ಡಬ್ಲ್ಯು ಅಕ್ಷರ ವಾಯುದಾಳಿ ವಾರ್ಡನ್‌ಗಳದು, ಅಂದರೆ ಬಾಂಬ್ ದಾಳಿಯ ಹೊತ್ತಿನಲ್ಲಿ ಬೀದಿ ಕಾಯುತ್ತಿದ್ದವರದು. ಕುಂಚದಿಂದ ಬರೆಯುವುದು ಸುಲಭವಾದ್ದರಿಂದ ಇದನ್ನೂ ಹೊಸದಾಗಿ ಬರೆದು ಮಾರುತ್ತಾರೆ.

ಹಂತ 6: ತದ್ರೂಪಿಗಳು

ಕೆಲವು ಹೆಲ್ಮೆಟ್‌ಗಳು ನಕಲಿಯೂ ಅಲ್ಲ, ನೀವು ಅಂದುಕೊಂಡದ್ದೂ ಅಲ್ಲ. ಹಂಗೇರಿಯ ಎಂ38 ನೋಡಲು ಜರ್ಮನ್ ಎಂ35ರಂತೆಯೇ ಇದೆ. ಆದರೆ ಹಿಂಭಾಗದಲ್ಲಿ ನೇತುಹಾಕಲು ಒಂದು ಚೌಕದ ಕೊಂಡಿ ಇರುತ್ತದೆ. ಅದನ್ನು ಕಿತ್ತು ತೂತು ಮುಚ್ಚಿ ಜರ್ಮನ್ ಎಂದು ಮಾರುವವರಿದ್ದಾರೆ. ಹಿಂಭಾಗವನ್ನು ಒಳಗಿನಿಂದ ಬೆರಳಾಡಿಸಿ ನೋಡಿ. ಸ್ಪೇನ್‌ನದ್ದಕ್ಕೆ ಮುಂಭಾಗದಲ್ಲಿ ಲಾಂಛನ ಸಿಕ್ಕಿಸುವ ಕೊಂಡಿ ಇರುತ್ತದೆ. ನಾರ್ವೆ ಯುದ್ಧದ ನಂತರ ಜರ್ಮನ್ನರು ಬಿಟ್ಟುಹೋದ ಹೆಲ್ಮೆಟ್‌ಗಳನ್ನೇ ಬಳಸಿತು. ಅವು ರೀಇಶ್ಯೂ. ಶೆಲ್ ಅಸಲಿ, ಬಣ್ಣ ನಂತರದ್ದು. ಕಡಿಮೆ ಬೆಲೆಗೆ ಒಂದು ಅಸಲಿ ಶೆಲ್ ಬೇಕು ಅನ್ನುವ ಹೊಸಬರಿಗೆ ನಾನು ಇದನ್ನೇ ಹೇಳುವುದು. ಎಂ1ರ ಆಕಾರವನ್ನೂ ಯುರೋಪಿನ ಹಲವು ದೇಶಗಳು ಯುದ್ಧದ ನಂತರ ತಮ್ಮದಾಗಿಸಿಕೊಂಡವು.

ಹಂತ 7: ಮಾರುವವರನ್ನು ಕೇಳುವುದು

ಆನ್‌ಲೈನ್ ಆದರೆ ಈ ಫೋಟೋಗಳನ್ನು ಕೇಳಿ: ಒಳಗಿನ ಪೂರ್ತಿ ನೋಟ, ಮುದ್ರೆಯ ಹತ್ತಿರದ ಚಿತ್ರ, ಅಂಚು, ಎರಡೂ ಬದಿಯ ಕೊಂಡಿ, ಲೈನರ್‌ನ ಅಳತೆ, ಡೆಕಾಲ್ ಇದ್ದರೆ ಓರೆ ಬೆಳಕಿನಲ್ಲಿ ಅದರ ಚಿತ್ರ. ಕೊಡಲು ಹಿಂಜರಿದರೆ ಅಲ್ಲಿಗೇ ಬಿಡಿ. ಅಸಲಿಯಲ್ಲ ಎಂದು ಗೊತ್ತಾದರೆ ವಾಪಸ್ ತಗೊಳ್ಳುತ್ತೀರಾ ಎಂದು ಬರಹದಲ್ಲೇ ಕೇಳಿ.

ಕಥೆಯನ್ನು ಮುದ್ರೆಯ ಪಕ್ಕದಲ್ಲಿಟ್ಟು ನೋಡಿ. ಮೈಸೂರು ಸಂಸ್ಥಾನದ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲ್‌ನ ಹೈಫಾದಲ್ಲಿ ಹೋರಾಡಿದರು. ಆ ಕದನದ ಹೆಲ್ಮೆಟ್ ಎಂದು ಯಾರಾದರೂ ತೋರಿಸಿದರೆ, ಅಂಚಿನ ಕೆಳಗೆ 1942 ಎಂದಿದ್ದರೆ, ಅಲ್ಲಿಗೆ ಮಾತು ಮುಗಿಯಿತು ಅಲ್ವಾ? ಗುಜರಿಯವರು ಬೇಕಂತಲೇ ಸುಳ್ಳು ಹೇಳುತ್ತಾರೆ ಎಂದಲ್ಲ. ಅವರಿಗೆ ಯಾರೋ ಹೇಳಿದ್ದನ್ನು ಅವರು ನಿಮಗೆ ಹೇಳುತ್ತಾರೆ.

ಹಂತ 8: ಕಾನೂನು ಮತ್ತು ಸುರಕ್ಷತೆ

ಭಾರತದ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ, 100 ವರ್ಷ ದಾಟಿದ ಐತಿಹಾಸಿಕ ವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಮೊದಲ ಮಹಾಯುದ್ಧದ ವಸ್ತುಗಳು ಈಗ ಆ ಗಡಿ ದಾಟಿವೆ. ಅಮೆರಿಕದಲ್ಲಿರುವ ತಮ್ಮನಿಗೆ ಅಜ್ಜನ ಹೆಲ್ಮೆಟ್ ಪಾರ್ಸೆಲ್ ಮಾಡುವ ಮೊದಲು ಅದರ ವರ್ಷ ಓದಿ, ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಕಚೇರಿಯಲ್ಲಿ ವಿಚಾರಿಸಿ. ಜರ್ಮನಿಯಲ್ಲಿರುವ ಕನ್ನಡಿಗರು ಇನ್ನೊಂದನ್ನು ತಿಳಿದಿರಬೇಕು. ಅಲ್ಲಿ ನಾಜಿ ಚಿಹ್ನೆಗಳನ್ನು ಸಾರ್ವಜನಿಕವಾಗಿ ತೋರಿಸುವುದು ದಂಡಸಂಹಿತೆಯ 86ಎ ಕಲಮಿನಡಿ ಅಪರಾಧ. ಹೆಲ್ಮೆಟ್ ಹಾಕಿಕೊಂಡು ತೆಗೆದ ಫೋಟೋ ಎಲ್ಲೂ ಹಾಕಬೇಡಿ. ಅಂಥ ಕಾನೂನು ಇಲ್ಲದ ದೇಶದಲ್ಲೂ ಬೇಡ. ಆ ಚಿಹ್ನೆ ಹೊತ್ತವರ ಕೈಯಲ್ಲಿ ಸತ್ತವರ ಮಕ್ಕಳು, ಮೊಮ್ಮಕ್ಕಳು ಇನ್ನೂ ಇದ್ದಾರೆ.

ಇಂಫಾಲ, ಕೊಹಿಮಾ ಕಡೆ ಪ್ರವಾಸ ಹೋದವರು ಕಾಡಿನಲ್ಲಿ ನೆಲ ಅಗೆಯಬೇಡಿ. ಸಿಡಿಯದ ಮದ್ದುಗುಂಡು ಇವತ್ತಿಗೂ ಸಿಗುತ್ತವೆ. ನೋಡಬೇಕಾದ್ದು ಇಂಫಾಲದ ಶಾಂತಿ ಮ್ಯೂಸಿಯಂನಲ್ಲಿ, ಕೊಹಿಮಾ ಹತ್ತಿರದ ಕಿಸಾಮಾದ ಯುದ್ಧ ಮ್ಯೂಸಿಯಂನಲ್ಲಿ ಇದೆ.

ಹೆಲ್ಮೆಟ್ ತಲೆಗೆ ಹಾಕುವುದು ಬೇಡ, ಮಕ್ಕಳಿಗಂತೂ ಖಂಡಿತ ಬೇಡ. ಹಳೆಯ ಬ್ರೋಡಿ ಲೈನರ್‌ಗಳಲ್ಲಿ, ಅನಿಲ ಮುಖವಾಡಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಸಿಕ್ಕಿದ್ದರಿಂದ 2014ರಲ್ಲಿ ಬ್ರಿಟನ್‌ನ ಶಾಲೆಗಳಿಗೆ ಎಚ್ಚರಿಕೆ ಕೊಟ್ಟರು. ಕಲ್ನಾರಿನ ನಾರು ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಅದಕ್ಕೆ ಮರಳುಕಾಗದ ಮುಟ್ಟಿಸಬೇಡಿ.

ಹಂತ 9: ಮನೆಗೆ ತಂದ ಮೇಲೆ

ಏನೂ ಮಾಡದಿರುವುದೇ ಮೊದಲ ಕೆಲಸ. ನನ್ನ ಮೊದಲ ಮಾರ್ಕ್ 2ನ್ನು ನಾನು ತಂತಿ ಬ್ರಶ್‌ನಿಂದ ಉಜ್ಜಿದೆ. ತುಕ್ಕಿನ ಜೊತೆಗೆ ಒಳಗೆ ಮಸುಕಾಗಿದ್ದ ನಾಲ್ಕು ಅಂಕಿಯೂ ಹೋಯಿತು. ಅದು ಒಬ್ಬ ಸೈನಿಕನ ನಂಬರ್ ಆಗಿತ್ತು. ಇವತ್ತಿಗೂ ಅದು ನನ್ನನ್ನು ಕಾಡುತ್ತದೆ.

ಮೃದು ಬ್ರಶ್‌ನಿಂದ ಧೂಳು ತೆಗೆಯಿರಿ. ಲೋಹಕ್ಕೆ ಮ್ಯೂಸಿಯಂಗಳಲ್ಲಿ ಬಳಸುವ ಮೈಕ್ರೋಕ್ರಿಸ್ಟಲಿನ್ ಮೇಣವನ್ನು ತೆಳುವಾಗಿ ಹಚ್ಚಬಹುದು. ಚರ್ಮಕ್ಕೆ ಕೊಬ್ಬರಿ ಎಣ್ಣೆ, ಬೇವಿನ ಎಣ್ಣೆ ಯಾವುದೂ ಬೇಡ. ಎಣ್ಣೆ ಕುಡಿದ ಚರ್ಮ ಬೂಷ್ಟು ಹಿಡಿಯುತ್ತದೆ, ಹೊಲಿಗೆ ಕೊಳೆಯುತ್ತದೆ. ಗಲ್ಲದ ಪಟ್ಟಿಯಿಂದ ಮೊಳೆಗೆ ನೇತುಹಾಕಬೇಡಿ. ಒಳಗೆ ಹತ್ತಿ ಬಟ್ಟೆಯ ಉಂಡೆ ಇಟ್ಟು ಕಪಾಟಿನಲ್ಲಿ ಕೂರಿಸಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ತಿಂಗಳಿಗೊಮ್ಮೆ ಬದಲಾಯಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಒಳಗೇ ಬೆವರಿ ತುಕ್ಕು ಹಿಡಿಯುತ್ತದೆ.

ಕೊನೆಗೆ ಒಂದು ನೋಟ್‌ಬುಕ್ ಇಡಿ. ಎಲ್ಲಿ, ಯಾರಿಂದ, ಯಾವಾಗ ಸಿಕ್ಕಿತು, ಯಾವ ಮುದ್ರೆ, ಯಾವ ಅಳತೆ, ಏನನ್ನು ಬದಲಾಯಿಸಿದ್ದಾರೆ ಎಂದು ಬರೆಯಿರಿ. ಒಳಗೆ ಹೆಸರೋ ನಂಬರೋ ಕಂಡರೆ ಓರೆ ಬೆಳಕಿನಲ್ಲಿ ನಾಲ್ಕಾರು ಫೋಟೋ ತೆಗೆಯಿರಿ. ಬ್ರಿಟಿಷ್ ಅಥವಾ ಭಾರತೀಯ ಸೈನಿಕರದ್ದಾದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ಪಟ್ಟಿಯಲ್ಲಿ ಹುಡುಕಿ. ಅದು ಉಚಿತ, ಯುದ್ಧದಲ್ಲಿ ಸತ್ತವರ ಹೆಸರು, ನಂಬರ್, ಸ್ಮಾರಕದ ಜಾಗ ಎಲ್ಲ ಅದರಲ್ಲಿದೆ. ಅಲ್ಲಿ ಹೆಸರು ಇಲ್ಲದಿದ್ದರೆ ಆ ಸೈನಿಕ ಮನೆಗೆ ಮರಳಿರಬಹುದು. ಆಗ ರೆಜಿಮೆಂಟ್‌ಗೆ ಪತ್ರ ಬರೆಯಿರಿ. ಮದ್ರಾಸ್ ಸ್ಯಾಪರ್ಸ್‌ನದ್ದು ಎಂದು ಅನಿಸಿದರೆ ಬೆಂಗಳೂರಿನ ಹಲಸೂರಿನಲ್ಲಿರುವ ಅವರ ಕೇಂದ್ರಕ್ಕೆ, ಕೊಡಗಿನದ್ದಾದರೆ ಮಡಿಕೇರಿಯ ಜನರಲ್ ತಿಮ್ಮಯ್ಯ ಮ್ಯೂಸಿಯಂಗೆ ಫೋಟೋ ಸಮೇತ ಬರೆದು ಕೇಳಿ. ಮನೆಯವರು ಸಿಕ್ಕರೆ ಮೊದಲು ಅವರಿಗೆ ತಿಳಿಸಿ, ಬೆಲೆಯ ಮಾತು ಆಮೇಲೆ.